ತಪ್ಪು ನಿಮ್ಮದಲ್ಲ ಎಂದು ಬರೆಯುವ ಕೆಲಸ

ಪತ್ರಿಕೆಗೆ ವಾರಕ್ಕೊಂದು ತಂತ್ರಜ್ಞಾನ ಅಂಕಣ ಬರೆಯುತ್ತಿದ್ದಷ್ಟು ಕಾಲ ನನಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಷಮೆ ಕೇಳುತ್ತಲೇ ಶುರುವಾಗುತ್ತಿದ್ದವು. ‘ದಡ್ಡ ಪ್ರಶ್ನೆ ಅಂದುಕೊಳ್ಳಬೇಡಿ’, ‘ನನಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ’, ‘ವಯಸ್ಸಾಯಿತು ನೋಡಿ, ಅದಕ್ಕೇ ಕೇಳುತ್ತಿದ್ದೇನೆ’. ಮುಂದೆ ಓದಿದರೆ ಪ್ರಶ್ನೆಯಲ್ಲಿ ದಡ್ಡತನದ ಸುಳಿವೂ ಇರುತ್ತಿರಲಿಲ್ಲ. ಒಂದು ಫೋಟೊ ಕಳಿಸಲು ಹೋದರೆ ಈ ಆ್ಯಪ್ ನನ್ನ ಫೋನ್‌ಬುಕ್ ಯಾಕೆ ಕೇಳುತ್ತದೆ? ನಿನ್ನೆ ಇದ್ದ ಬಟನ್ ಅಪ್‌ಡೇಟ್ ಆದಮೇಲೆ ಎಲ್ಲಿಗೆ ಹೋಯಿತು? ಫೋನ್ ಕಳೆದುಹೋಗಿದೆ, ಆದರೆ ಪಾಸ್‌ವರ್ಡ್ ಬದಲಿಸುವ ಕೋಡ್ ಬರುವುದು ಅದೇ ಫೋನಿಗೆ, ಈಗ ಏನು ಮಾಡಲಿ? ಇವೆಲ್ಲ ಆ ವಸ್ತುವನ್ನು ತಯಾರಿಸಿದವರು ತಲೆ ತಗ್ಗಿಸಿ ಉತ್ತರಿಸಬೇಕಾದ ಪ್ರಶ್ನೆಗಳು. ತಲೆ ತಗ್ಗಿಸುತ್ತಿದ್ದವರು ಮಾತ್ರ ಕೇಳುವವರು.

ಅಂಕಣ ನಿಲ್ಲಿಸಿ ಒಂದಷ್ಟು ಕಾಲವಾಯಿತು. ಈಗ ಹಿಂತಿರುಗಿ ನೋಡಿದರೆ ಬರೆದ ಬರಹಗಳಲ್ಲಿ ಮುಕ್ಕಾಲು ಪಾಲು ಹಳಸಿಹೋಗಿವೆ. ಆ ಫೋನ್‌ಗಳಿಲ್ಲ, ಆ ಆ್ಯಪ್‌ಗಳಿಲ್ಲ, ನಾನು ಹೋಲಿಸಿ ನೋಡಿದ ಕಂಪನಿಗಳಲ್ಲಿ ಕೆಲವು ಮುಚ್ಚಿಯೇ ಹೋಗಿವೆ. ಕವಿತೆ ಬರೆದವರಿಗೆ, ರಾಜಕೀಯ ಬರೆದವರಿಗೆ ಇಷ್ಟು ಬೇಗ ಹೀಗಾಗುವುದಿಲ್ಲ. ಹಾಗಿದ್ದೂ ಈ ಕೆಲಸದಲ್ಲಿ ಉಳಿಯುವಂಥದ್ದು ಒಂದಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದನ್ನು ನನಗಿಂತ ಬಹಳ ಮುಂಚೆ, ಒಂದೇ ವಾಕ್ಯದಲ್ಲಿ ಹೇಳಿದವರು ವಾಲ್ಟ್ ಮಾಸ್‌ಬರ್ಗ್.

1991ರ ಅಕ್ಟೋಬರ್ 17ರಂದು ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಅವರ ‘ಪರ್ಸನಲ್ ಟೆಕ್ನಾಲಜಿ’ ಅಂಕಣ ಶುರುವಾಯಿತು. ಪರ್ಸನಲ್ ಕಂಪ್ಯೂಟರ್ ಬಳಸುವುದು ವಿಪರೀತ ಕಷ್ಟ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ: ಮೊದಲ ಸಾಲಿನ ತಾತ್ಪರ್ಯ ಇಷ್ಟೇ. ಈಗ ಓದಿದರೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆ ದಿನಗಳ ಕಂಪ್ಯೂಟರ್ ಹೇಗಿತ್ತು ಎಂದು ನೆನಪಿಸಿಕೊಂಡರೆ ಆ ಸಾಲಿನ ಧೈರ್ಯ ಗೊತ್ತಾಗುತ್ತದೆ.

ಆದೇಶಗಳನ್ನು ಟೈಪ್ ಮಾಡಿಯೇ ನಡೆಸಬೇಕಿದ್ದ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಾಲ ಅದು. ಯಂತ್ರದಲ್ಲಿ ಎಷ್ಟೇ ಮೆಮೊರಿ ಹಾಕಿಸಿದ್ದರೂ ಸಾಮಾನ್ಯ ಪ್ರೋಗ್ರಾಮುಗಳು ಓಡಬೇಕಾದದ್ದು ಮೊದಲ 640 ಕಿಲೋಬೈಟ್‌ಗಳ ಒಳಗೆ. ಮೌಸ್ ಬೇಕೆಂದರೆ ಅದರ ಡ್ರೈವರ್, ಅಂದರೆ ಅದನ್ನು ನಡೆಸುವ ಪುಟ್ಟ ಪ್ರೋಗ್ರಾಮು, ಆ ಜಾಗದಲ್ಲೇ ಬಂದು ಕೂರುತ್ತಿತ್ತು. ಸಿಡಿ ಡ್ರೈವ್ ಹಾಕಿಸಿದರೆ ಅದರದೂ ಅಲ್ಲೇ. ಎಲ್ಲವೂ ಕೂತಮೇಲೆ ನಿಮಗೆ ಬೇಕಾದ ಪ್ರೋಗ್ರಾಮಿಗೆ ಜಾಗವೇ ಇಲ್ಲ! ಆಗ ಬಳಕೆದಾರ ‘ಕಾನ್ಫಿಗ್.ಸಿಸ್’ ಎಂಬ ಫೈಲ್ ತೆರೆದು, ಯಾವ ಸಾಲು ಮೊದಲು ಬರಬೇಕು, ಯಾವ ಡ್ರೈವರನ್ನು ಮೇಲಿನ ಮೆಮೊರಿಗೆ ಎತ್ತಬೇಕು ಎಂದು ತಿದ್ದುತ್ತಾ ಕೂರಬೇಕಿತ್ತು. ತಪ್ಪಾಗಿ ತಿದ್ದಿದರೆ ಕೆಲವೊಮ್ಮೆ ಯಂತ್ರ ಏಳುತ್ತಲೇ ಇರಲಿಲ್ಲ. ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದ ಹೆಚ್ಚಿನವರು ಈ ತಿದ್ದುವ ವಿದ್ಯೆಯನ್ನು ಚೆನ್ನಾಗಿ ಕಲಿಸುತ್ತಿದ್ದರು. ಮಾಸ್‌ಬರ್ಗ್ ಕೇಳಿದ್ದು ಬೇರೆ ಪ್ರಶ್ನೆ: ಪತ್ರ ಟೈಪ್ ಮಾಡಲು ಕೂತವನು ಇದನ್ನೆಲ್ಲ ಯಾಕೆ ಕಲಿಯಬೇಕು?

ಅವರು ಎಂಜಿನಿಯರ್ ಅಲ್ಲ. 1970ರಲ್ಲಿ ಅದೇ ಪತ್ರಿಕೆಗೆ ವರದಿಗಾರರಾಗಿ ಸೇರಿ, ಡೆಟ್ರಾಯಿಟ್‌ನಲ್ಲಿ ದುಡಿದು, ಆಮೇಲೆ ವಾಷಿಂಗ್ಟನ್‌ನಲ್ಲಿ ರಕ್ಷಣಾ ಇಲಾಖೆ, ವಿದೇಶಾಂಗ ವ್ಯವಹಾರ ಎಂದು ಇಪ್ಪತ್ತು ವರ್ಷ ವರದಿ ಮಾಡಿದವರು. ಅಂಥ ಹಿರಿಯ ವರದಿಗಾರ ರಾಜಧಾನಿಯ ಸುದ್ದಿ ಬಿಟ್ಟು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆ ಎಂದು ಹೊರಟದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಸಚಿವಾಲಯದ ವಕ್ತಾರ ಹೇಳಿದ್ದನ್ನು ಹಾಗೇ ಬರೆದುಕೊಂಡು ಬರುವವನು ಒಳ್ಳೆಯ ವರದಿಗಾರನಾಗಲಾರ. ಕಂಪನಿಯ ವಕ್ತಾರ ಹೇಳಿದ್ದಕ್ಕೂ ಅದೇ ಮಾತು. ಆದರೆ ಗ್ಯಾಜೆಟ್ ವಿಚಾರಕ್ಕೆ ಬಂದರೆ ನಾವು ಪತ್ರಕರ್ತರು ಈ ಪಾಠವನ್ನು ಎಷ್ಟು ಬೇಗ ಮರೆಯುತ್ತೇವೆ!

ಇದು ಮರೆವಿನಿಂದ ಆಗುವುದಲ್ಲ, ಹಂಗಿನಿಂದ ಆಗುವುದು. ಈ ವೃತ್ತಿಗೆ ಬರುವವರು ಮೊದಲು ತಿಳಿಯಬೇಕಾದದ್ದು ಇದನ್ನು ಎನ್ನುವುದು ನನ್ನ ಅನುಭವ. ಹೊಸ ಫೋನ್ ಮಾರುಕಟ್ಟೆಗೆ ಬರುವ ಮುಂಚೆ ರಿವ್ಯೂ ಮಾಡಲು ಕಂಪನಿ ಒಂದು ಫೋನ್ ಕಳಿಸುತ್ತದೆ. ಜೊತೆಗೆ ಒಂದು ಷರತ್ತು: ಇಂಥ ದಿನ, ಇಂಥ ಗಂಟೆಗೆ ಮುಂಚೆ ಪ್ರಕಟಿಸುವಂತಿಲ್ಲ. ಇದರಲ್ಲಿ ತಪ್ಪೇನಿಲ್ಲ. ಕಾಲ ಕಳೆದಂತೆ ಮಾತ್ರ ಮನಸ್ಸಿನಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ಈ ಸಲ ಕಟುವಾಗಿ ಬರೆದರೆ ಮುಂದಿನ ಫೋನ್ ಕಳಿಸುತ್ತಾರೋ ಇಲ್ಲವೋ? ಕಳಿಸದಿದ್ದರೆ ಬೇರೆ ಪತ್ರಿಕೆಯಲ್ಲಿ ಮೊದಲು ಬರುತ್ತದೆ, ಸಂಪಾದಕರು ಕೇಳುತ್ತಾರೆ. ಈ ಲೆಕ್ಕವನ್ನು ನಾನೂ ಹಾಕಿದ್ದೇನೆ. ‘ಕ್ಯಾಮೆರಾ ನಿರಾಶಾದಾಯಕ’ ಎಂದು ಬರೆದಿದ್ದನ್ನು ‘ಕ್ಯಾಮೆರಾ ಇನ್ನೂ ಚೆನ್ನಾಗಿರಬಹುದಿತ್ತು’ ಎಂದು ತಿದ್ದಿದ ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಯಾರೂ ತಿದ್ದಿ ಎಂದಿರಲಿಲ್ಲ. ಅದನ್ನೋದಿ ಆ ಫೋನ್ ಕೊಂಡವರು ಎಷ್ಟು ಮಂದಿಯೋ.

ಮಾಸ್‌ಬರ್ಗ್ ಮೇಲೆ ಈ ಒತ್ತಡ ಎಷ್ಟಿತ್ತು ಎಂದು ಊಹಿಸಿ. 2007ರಲ್ಲಿ ಮೊದಲ ಐಫೋನ್ ಬಂದಾಗ ಮಾರಾಟಕ್ಕೆ ಮುಂಚೆ ಅದನ್ನು ಬಳಸಿ ಬರೆಯಲು ಸಿಕ್ಕಿದ್ದು ನಾಲ್ಕೇ ನಾಲ್ಕು ಪತ್ರಕರ್ತರಿಗೆ. ಅವರಲ್ಲಿ ಇವರೊಬ್ಬರು. ಸ್ಟೀವ್ ಜಾಬ್ಸ್ 1997ರಲ್ಲಿ ಆ್ಯಪಲ್‌ಗೆ ಮರಳಿದ ಹೊಸತರಲ್ಲಿ ಭಾನುವಾರ ರಾತ್ರಿ ಇವರ ಮನೆಗೇ ಫೋನ್ ಮಾಡಿ ಒಂದೂವರೆ ಗಂಟೆಯವರೆಗೂ ಮಾತನಾಡುತ್ತಿದ್ದರಂತೆ. ಅಷ್ಟು ಹತ್ತಿರ. ಮಾಸ್‌ಬರ್ಗ್ ಅವರೇ ತಮ್ಮ ನಿಯಮಗಳನ್ನು ಬರೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದರು: ತಾನು ಬರೆಯುವ ಕಂಪನಿಗಳಿಂದ ಹಣವಿಲ್ಲ, ಉಡುಗೊರೆಯಿಲ್ಲ, ಪುಕ್ಕಟೆ ಸಾಮಾನಿಲ್ಲ. ನಿಯಮ ಬರೆಯುವುದು ಸುಲಭ. ಪರೀಕ್ಷೆ ಬಂದದ್ದು 2008ರ ಜುಲೈನಲ್ಲಿ.

ಆ ತಿಂಗಳು ಆ್ಯಪಲ್ ‘ಮೊಬೈಲ್‌ಮಿ’ ಎಂಬ ಸೇವೆ ಬಿಡುಗಡೆ ಮಾಡಿತು. ಇಮೇಲ್, ಕ್ಯಾಲೆಂಡರ್, ವಿಳಾಸಗಳು ಫೋನಿನಲ್ಲೂ ಕಂಪ್ಯೂಟರಿನಲ್ಲೂ ತಾನಾಗಿ ಒಂದೇ ಸಮ ಇರುತ್ತವೆ ಎನ್ನುವುದು ಅದರ ಭರವಸೆ, ವರ್ಷಕ್ಕೆ 99 ಡಾಲರ್. ಆದರೆ ಅದು ಸರಿಯಾಗಿ ನಡೆಯಲೇ ಇಲ್ಲ. ಇದನ್ನು ನಂಬುವಂತಿಲ್ಲ, ಸದ್ಯಕ್ಕೆ ದೂರ ಇರಿ ಎಂದು ಮಾಸ್‌ಬರ್ಗ್ ನೇರವಾಗಿ ಬರೆದರು. ಆಮೇಲೆ ಕಂಪನಿಯ ಒಳಗಿನ ಸಭೆಯಲ್ಲಿ ಜಾಬ್ಸ್ ಆ ತಂಡವನ್ನು ತರಾಟೆಗೆ ತೆಗೆದುಕೊಳ್ಳುತ್ತಾ, ನಮ್ಮ ಗೆಳೆಯ ಮಾಸ್‌ಬರ್ಗ್ ಕೂಡ ಈಗ ನಮ್ಮ ಬಗ್ಗೆ ಒಳ್ಳೆಯದು ಬರೆಯುತ್ತಿಲ್ಲ ಎಂದರೆಂದು ಮುಂದೆ ವರದಿಯಾಯಿತು. ‘ಗೆಳೆಯ’ ಎನ್ನುವ ಆ ಪದದ ಹತ್ತಿರ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಅಷ್ಟು ದೊಡ್ಡವನು ತನ್ನನ್ನು ಗೆಳೆಯ ಎಂದು ತಿಳಿದಿದ್ದಾನೆ ಎಂದು ಗೊತ್ತಿದ್ದೂ, 99 ಡಾಲರ್ ಕೊಡಲಿರುವ ಅಪರಿಚಿತ ಓದುಗನ ಪಕ್ಕ ನಿಲ್ಲುವುದಿದೆಯಲ್ಲ, ಅಂಕಣಕಾರನ ಸಂಬಳ ನ್ಯಾಯವಾಗುವುದು ಅಲ್ಲಿ.

ಭವಿಷ್ಯ ಹೇಳಲು ಹೋಗಿ ಎಡವಿದವರ ಮಾತೂ ಬರಬೇಕು. 1985ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅಂಕಣಕಾರ ಎರಿಕ್ ಸ್ಯಾಂಡ್‌ಬರ್ಗ್-ಡಿಮೆಂಟ್ ಅವರು ಲ್ಯಾಪ್‌ಟಾಪ್‌ಗಳ ಕಾಲ ಆಗಲೇ ಮುಗಿದಂತಿದೆ ಎಂಬ ಧಾಟಿಯಲ್ಲಿ ಬರೆದರು. ಜನ ಕಂಪ್ಯೂಟರನ್ನು ಹೊತ್ತುಕೊಂಡು ಸಮುದ್ರದಂಡೆಗೆ ಹೋಗುವುದಿಲ್ಲ, ರೈಲಿನಲ್ಲಿ ಕೂತರೆ ಪತ್ರಿಕೆ ಓದುತ್ತಾರೆಯೇ ಹೊರತು ಕಂಪ್ಯೂಟರ್ ತೆರೆಯುವುದಿಲ್ಲ ಎನ್ನುವುದು ಅವರ ವಾದ. ಇಂದು ಈ ಬರಹವನ್ನು ಎತ್ತಿ ತೋರಿಸಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಕಾಲದ ಲ್ಯಾಪ್‌ಟಾಪ್ ಭಾರವಾಗಿತ್ತು, ದುಬಾರಿಯಾಗಿತ್ತು, ಪರದೆ ಮಸುಕಾಗಿತ್ತು. ಜಾಹೀರಾತು ಏನೇ ಹೇಳಲಿ, ಜನ ನಿಜವಾಗಿ ಇದನ್ನು ಹೊತ್ತು ತಿರುಗುತ್ತಾರೆಯೇ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಯಂತ್ರ ಎಷ್ಟು ಹಗುರವಾಗಬಲ್ಲದು ಎನ್ನುವುದನ್ನು ಅಂದಾಜಿಸುವುದರಲ್ಲಿ ತಪ್ಪಿದರು, ಅಷ್ಟೇ. ರೈಲಿನಲ್ಲಿ ಪತ್ರಿಕೆ ಓದುತ್ತಿದ್ದ ಕೈಗಳು ಮುಂದೊಂದು ದಿನ ಫೋನ್ ಹಿಡಿಯುತ್ತವೆ, ಅದರಿಂದ ಪತ್ರಿಕೆಗೇ ಕುತ್ತು ಬರುತ್ತದೆ ಎನ್ನುವುದು ಅಂದು ಯಾವ ಅಂಕಣಕಾರನ ಕಣ್ಣಿಗೆ ಬೀಳಬಹುದಿತ್ತು?

ಭವಿಷ್ಯ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಸಲಹೆ ತಪ್ಪಿದರೆ ಆಗುತ್ತದೆ. ನನ್ನ ವೃತ್ತಿಯಲ್ಲಿ ನಾನು ಮರೆಯಲಾಗದ ಪತ್ರ ಅಂಥದ್ದೊಂದು.

ನಿಧಾನವಾದ ಫೋನನ್ನು ಸರಿಮಾಡಿಕೊಳ್ಳುವುದು ಹೇಗೆ ಎಂದು ಒಂದು ವಾರ ಬರೆದಿದ್ದೆ. ನಾಲ್ಕು ಹಂತ. ಕೊನೆಯದು ಫ್ಯಾಕ್ಟರಿ ರಿಸೆಟ್, ಅಂದರೆ ಫೋನಿನಲ್ಲಿರುವುದೆಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದು. ಅದಾದ ಮೇಲೆ ಕೊನೆಯ ಪ್ಯಾರಾದಲ್ಲಿ, ಇದಕ್ಕೆ ಮುಂಚೆ ಎಲ್ಲದರ ಬ್ಯಾಕಪ್, ಅಂದರೆ ಇನ್ನೊಂದು ಪ್ರತಿ, ತೆಗೆದುಕೊಳ್ಳಿ ಎಂದು ಎಚ್ಚರಿಕೆ ಬರೆದಿದ್ದೆ. ರಾತ್ರಿ ಪುಟಕ್ಕೆ ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಬಂತು. ಡೆಸ್ಕಿನಲ್ಲಿದ್ದವರು ಎಲ್ಲರೂ ಮಾಡುವಂತೆ ಬರಹವನ್ನು ಕೆಳಗಿನಿಂದ ಕತ್ತರಿಸಿದರು. ಕೊನೆಯ ಪ್ಯಾರಾ ಹೋಯಿತು.

ಹತ್ತು ದಿನದ ಮೇಲೆ ಒಂದು ಲಕೋಟೆ ಬಂತು. ಒಳಗೆ ನನ್ನ ಅಂಕಣದ ಕತ್ತರಿಸಿದ ತುಣುಕು. ನಾಲ್ಕೂ ಹಂತಗಳ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದೊಂದು ರೈಟ್ ಗುರುತು. ಪತ್ರ ಬರೆದವರು ನಿವೃತ್ತರು. ತಾಯಿ ಹೇಳುತ್ತಿದ್ದ ಕಥೆಗಳನ್ನು ನೆನಪಾದಾಗಲೆಲ್ಲ ಫೋನಿನ ನೋಟ್ಸ್‌ನಲ್ಲಿ ಟೈಪ್ ಮಾಡಿ ಇಟ್ಟಿದ್ದರಂತೆ, ನಲವತ್ತೊಂದು ಕಥೆಗಳು. ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹಂತ ಮಾಡಿದೆ, ಫೋನ್ ಈಗ ಚುರುಕಾಗಿದೆ, ಕಥೆಗಳು ಕಾಣುತ್ತಿಲ್ಲ ಎಂದು ಬರೆದಿದ್ದರು. ಪತ್ರದಲ್ಲಿ ಒಂದು ಬಿರುನುಡಿಯೂ ಇರಲಿಲ್ಲ. ಕೊನೆಗೆ ಒಂದು ಪ್ರಶ್ನೆ: ‘ನಾನು ಯಾವ ಹಂತದಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ.’

ಅವರು ಯಾವ ಹಂತದಲ್ಲೂ ತಪ್ಪಿರಲಿಲ್ಲ.

ಅಳಿಸಿದ ಡೇಟಾ ಮರಳಿ ತೆಗೆಯುವವರೊಬ್ಬರನ್ನು ವಿಚಾರಿಸಿದೆ. ಈಗಿನ ಫೋನುಗಳಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಇರುತ್ತದೆ, ರಿಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯನ್ನೇ ಫೋನ್ ನಾಶಮಾಡುತ್ತದೆ, ಕೀಲಿ ಹೋದಮೇಲೆ ಒಳಗೆ ಏನು ಉಳಿದಿದ್ದರೂ ಅದು ಬರೀ ಅರ್ಥವಿಲ್ಲದ ಅಂಕಿಗಳ ರಾಶಿ ಎಂದು ಅವರು ಬಿಡಿಸಿ ಹೇಳಿದರು. ಕಳ್ಳನ ಕೈಗೆ ಸಿಕ್ಕ ಫೋನಿನಿಂದ ನಮ್ಮನ್ನು ಕಾಪಾಡುವ ವ್ಯವಸ್ಥೆಯೇ ಇಲ್ಲಿ ಕಥೆಗಳನ್ನು ನುಂಗಿತ್ತು. ಫೋನಿನಲ್ಲಿ ಕ್ಲೌಡ್ ಬ್ಯಾಕಪ್ ಆನ್ ಇತ್ತೇ ಎಂದು ಪತ್ರ ಬರೆದವರನ್ನು ಕೇಳಿದೆ. ಇರಲಿಲ್ಲ. ಅದನ್ನು ಆನ್ ಮಾಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಡೆಸ್ಕಿನ ಮೇಲೆ ಸಿಟ್ಟು ಬಂತು, ನಿಜ. ಆದರೆ ರಾತ್ರಿಯೆಲ್ಲ ಯೋಚಿಸಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಪತ್ರಿಕೆಯ ಬರಹ ಕೆಳಗಿನಿಂದ ಕತ್ತರಿಸಲ್ಪಡುತ್ತದೆ ಎಂದು ಗೊತ್ತಿದ್ದ ನಾನು ಎಚ್ಚರಿಕೆಯನ್ನು ಕೊನೆಯಲ್ಲಿ ಯಾಕೆ ಇಟ್ಟೆ? ಕತ್ತರಿಸದೆ ಇದ್ದಿದ್ದರೂ ಏನು, ಒಂದೊಂದೇ ಹಂತ ಮಾಡುತ್ತಾ ಓದುವವರು ಎಚ್ಚರಿಕೆಯ ಸಾಲಿಗೆ ಬರುವಷ್ಟರಲ್ಲಿ ಎಲ್ಲ ಅಳಿಸಿರುತ್ತಿತ್ತು. ಮುಂದಿನ ವಾರದ ಅಂಕಣವನ್ನು ಆ ತಪ್ಪಿನಿಂದಲೇ ಶುರುಮಾಡಿದೆ. ಕೆಳಗೆ ಸಣ್ಣ ಅಕ್ಷರದ ತಿದ್ದುಪಡಿ ಹಾಕೋಣ ಎಂದರು, ನಾನು ಒಪ್ಪಲಿಲ್ಲ. ಆ ಓದುಗರಿಗೆ ಬೇರೆ ಪತ್ರ ಬರೆದೆ: ತಪ್ಪು ನಿಮ್ಮದಲ್ಲ, ನನ್ನದು. ಕಥೆಗಳು ವಾಪಸ್ ಬರುವುದಿಲ್ಲ ಎಂಬ ಸಾಲನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ನನಗೇ ಗೊತ್ತಿಲ್ಲ.

ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಜ್ಯಾಕ್ ಸ್ಕೋಫೀಲ್ಡ್ ಅವರ ಬರಹಗಳನ್ನು ನಾನು ಗಮನವಿಟ್ಟು ಓದತೊಡಗಿದ್ದು ಅದಾದ ಮೇಲೆ. 1983ರಿಂದ ಕಂಪ್ಯೂಟರ್ ಬಗ್ಗೆ ಬರೆಯುತ್ತಾ ಬಂದವರು. ಅವರ ‘ಆಸ್ಕ್ ಜ್ಯಾಕ್’ ಅಂಕಣದಲ್ಲಿ ಓದುಗರು ಪ್ರಶ್ನೆ ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು, ಇಷ್ಟೇ. ಹಳೆಯ ಪ್ರಿಂಟರ್ ಹೊಸ ವಿಂಡೋಸ್‌ಗೆ ಹೊಂದುತ್ತಿಲ್ಲ, ಇಮೇಲ್ ಖಾತೆ ಬದಲಿಸಬೇಕು, ತೀರಿಕೊಂಡವರ ಲ್ಯಾಪ್‌ಟಾಪ್‌ನಿಂದ ಫೋಟೊ ತೆಗೆಯಬೇಕು, ಇಂಥವೇ ಪ್ರಶ್ನೆಗಳು ಅಂಥ ಅಂಕಣಗಳಿಗೆ ಬರುವುದು. ದೊಡ್ಡ ಸಂದರ್ಶನಗಳ ಥಳುಕಿಲ್ಲದ ಕೆಲಸ. ಅಷ್ಟೆಲ್ಲ ವರ್ಷ ಕಂಡದ್ದನ್ನು ಅವರು ಮೂರು ನಿಯಮಗಳಾಗಿ ಹೇಳಿದ್ದರು. ಹೊರಗೆ ತೆಗೆಯುವುದು ಹೇಗೆಂದು ಸ್ಪಷ್ಟವಾಗಿ ತಿಳಿಯದೆ ಯಾವ ಪ್ರೋಗ್ರಾಮಿನೊಳಗೂ ನಿಮ್ಮ ಮಾಹಿತಿ ಹಾಕಬೇಡಿ. ಎರಡು ಪ್ರತಿಗಳಿಲ್ಲದ ಮಾಹಿತಿ ಇದ್ದೂ ಇಲ್ಲದಂತೆಯೇ. ನಿಮಗೆ ಎಷ್ಟು ಸುಲಭವಾಗಿ ಸಿಗುತ್ತದೋ ಬೇರೆಯವರಿಗೂ ಅಷ್ಟೇ ಸುಲಭವಾಗಿ ಸಿಗುತ್ತದೆ.

ಎರಡನೆಯದನ್ನು ಓದಿದಾಗ ಆ ಪೆನ್ಸಿಲ್ ಗುರುತುಗಳು ಕಣ್ಣಮುಂದೆ ಬಂದವು. ಸ್ಕೋಫೀಲ್ಡ್ 2020ರ ಮಾರ್ಚ್ 31ರಂದು ತೀರಿಕೊಂಡರು. ಅವರು ಹೆಸರಿಸಿದ ಪ್ರೋಗ್ರಾಮುಗಳೆಷ್ಟೋ ಈಗ ಇಲ್ಲ, ಈ ಮೂರು ಮಾತಿಗೆ ಮಾತ್ರ ಏನೂ ಆಗಿಲ್ಲ. ನಾನು ಅಂದಿನಿಂದ ಯಾವ ಸಲಹೆ ಬರೆದರೂ ಬ್ಯಾಕಪ್ ಸಾಲನ್ನು ಮೊದಲ ಪ್ಯಾರಾದಲ್ಲೇ ಬರೆದೆ. ಪ್ರತಿ ವಾರ ಅದೇನು ಅದನ್ನೇ ಬರೀತೀರಿ ಎಂದು ಡೆಸ್ಕಿನಿಂದ ಕೇಳಿದ್ದುಂಟು. ಮೊದಲ ಪ್ಯಾರಾ ಆದ್ದರಿಂದ ಕತ್ತರಿಸಲು ಬರುತ್ತಿರಲಿಲ್ಲ.

ಈ ನಡುವೆ ಅಂಕಣದ ಸ್ವರೂಪವೇ ಬದಲಾಗುತ್ತಾ ಬಂತು. ಯಾವುದು ಕೊಳ್ಳಲಿ ಎಂಬ ಪ್ರಶ್ನೆಗೆ ಉತ್ತರ ಹೇಳುವ ವಿಡಿಯೊಗಳು ನೂರಾರು ಬಂದವು, ನೋಡಿ ತಿಳಿಯುವುದನ್ನು ಓದಿ ಯಾಕೆ ತಿಳಿಯಬೇಕು ಎಂದು ಜನ ಅತ್ತ ಹೋದರು. ಅದರಲ್ಲಿ ದುಃಖಪಡುವಂಥದ್ದೇನೂ ಇಲ್ಲ. ಉಳಿದ ಪ್ರಶ್ನೆ ಹೆಚ್ಚು ತೂಕದ್ದು: ಕೊಂಡು ತಂದ ಈ ವಸ್ತು ನನ್ನ ಬೆನ್ನ ಹಿಂದೆ ಏನು ಮಾಡುತ್ತಿದೆ?

2019ರಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಅಂಕಣಕಾರ ಜೆಫ್ರಿ ಫೌಲರ್ ತಮ್ಮ ಫೋನಿನಿಂದ ಹೊರಗೆ ಹೋಗುವ ಸಂದೇಶಗಳನ್ನು ಹಿಡಿದು ನೋಡಿದರು. ಅವರು ಮಲಗಿದ್ದಾಗಲೂ ಆ್ಯಪ್‌ಗಳು ಯಾರ್‍ಯಾರಿಗೋ ವರದಿ ಕಳಿಸುತ್ತಿದ್ದವು. ಒಂದೇ ವಾರದಲ್ಲಿ ಸಿಕ್ಕ, ಹೀಗೆ ಬಳಕೆದಾರರ ಜಾಡು ಹಿಡಿಯುವ ಟ್ರ್ಯಾಕರ್‌ಗಳು 5,400. 2023ರ ಫೆಬ್ರವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಜೊಆನಾ ಸ್ಟರ್ನ್ ಮತ್ತು ನಿಕೋಲ್ ನ್ಯುಯೆನ್ ಬರೆದದ್ದಂತೂ ಓದಿದವರ ನಿದ್ದೆ ಕೆಡಿಸುವಂಥದ್ದು. ಬಾರ್‌ಗಳಲ್ಲಿ ಕಳ್ಳರು ನೀವು ಐಫೋನಿನ ಪಾಸ್‌ಕೋಡ್ ಒತ್ತುವುದನ್ನು ನೋಡಿಕೊಂಡು, ಆಮೇಲೆ ಫೋನ್ ಎಗರಿಸಿ, ಅದೇ ನಾಲ್ಕಾರು ಅಂಕಿಗಳಿಂದ ನಿಮ್ಮ ಆ್ಯಪಲ್ ಖಾತೆಯ ಪಾಸ್‌ವರ್ಡ್ ಬದಲಿಸಿ, ನಿಮ್ಮನ್ನೇ ನಿಮ್ಮ ಖಾತೆಯಿಂದ ಹೊರಗೆ ಹಾಕುತ್ತಿದ್ದರು. ಜೀವಮಾನದ ಫೋಟೊಗಳು ಹೋದವು, ಬ್ಯಾಂಕಿನ ದುಡ್ಡು ಹೋಯಿತು. ಹೀಗಾದವರ ಜೊತೆ ಇಬ್ಬರೂ ಕೂತು ಮಾತನಾಡಿ ಬರೆದರು. 2024ರ ಜನವರಿಯಲ್ಲಿ ಆ್ಯಪಲ್ ಹೊಸ ರಕ್ಷಣೆಯೊಂದನ್ನು ಸೇರಿಸಿತು: ಪರಿಚಿತ ಸ್ಥಳದ ಹೊರಗೆ ಖಾತೆಯ ಪಾಸ್‌ವರ್ಡ್ ಬದಲಿಸಬೇಕಾದರೆ ಮುಖ ಅಥವಾ ಬೆರಳಿನ ಗುರುತು ಬೇಕು, ಮೇಲೆ ಒಂದು ಗಂಟೆ ಕಾಯಬೇಕು. ಫೋನುಗಳಿಗೆ ಇಂಥದ್ದೊಂದು ಬೀಗ ಬಂದದ್ದಕ್ಕೆ ಪತ್ರಿಕೆಯ ಒಂದು ಬರಹವೂ ಕಾರಣ. ಈ ವೃತ್ತಿಯ ಮೇಲೆ ನನಗಿರುವ ಅಭಿಮಾನ ಇಂಥ ಸಂದರ್ಭಗಳದ್ದು.

ವೃತ್ತಿಗೆ ಪತ್ರಿಕೆಯ ಮನೆ ಮಾತ್ರ ಮೊದಲಿನಷ್ಟು ಗಟ್ಟಿಯಾಗಿಲ್ಲ. ಮಾಸ್‌ಬರ್ಗ್ ಸ್ವತಃ 2013ರ ಕೊನೆಗೆ ಜರ್ನಲ್ ಬಿಟ್ಟು, ಪತ್ರಕರ್ತೆ ಕಾರಾ ಸ್ವಿಷರ್ ಜೊತೆ ರೀಕೋಡ್ ಎಂಬ ತಂತ್ರಜ್ಞಾನ ಸುದ್ದಿಯ ತಾಣ ಕಟ್ಟಿದರು. ಒಂದೂವರೆ ವರ್ಷದೊಳಗೆ ಅದು ಬೇರೆ ಕಂಪನಿಯ ಪಾಲಾಯಿತು. 2017ರ ಮೇ ತಿಂಗಳ ಕೊನೆಯ ಅಂಕಣದಲ್ಲಿ ಅವರು, ಕಂಪ್ಯೂಟರ್ ಇನ್ನು ಕಣ್ಣಿಗೆ ಬೀಳದಂತೆ ಮನೆಯ ಗೋಡೆ, ವಸ್ತುಗಳಲ್ಲೇ ಕರಗಿಹೋಗುತ್ತದೆ ಎಂದು ಬರೆದು ನಿವೃತ್ತರಾದರು. ಇಪ್ಪತ್ತಾರು ವರ್ಷ ಹಿಂದೆ ಕಷ್ಟ ಎಂದು ಶುರುಮಾಡಿದ್ದು, ಕಾಣದಂತಾಗುತ್ತದೆ ಎಂಬಲ್ಲಿಗೆ ಬಂದು ನಿಂತಿತು. ಕಾಣದ್ದನ್ನು ಪ್ರಶ್ನಿಸುವುದು ಕಾಣುವುದನ್ನು ಪ್ರಶ್ನಿಸುವುದಕ್ಕಿಂತ ಎಷ್ಟೋ ಕಷ್ಟ.

ನನ್ನ ಅಂಕಣ ನಿಂತರೂ ಪತ್ರಗಳು ಪೂರ್ತಿ ನಿಂತಿಲ್ಲ. ಹಳೆಯ ಓದುಗರೊಬ್ಬರು ಮೊನ್ನೆ ಮೇಲ್ ಕಳಿಸಿದ್ದರು. ತಮ್ಮ ವಿಮಾ ಪತ್ರದ ಒಂದು ಷರತ್ತು ಅರ್ಥವಾಗದೆ ಎಐ ಚಾಟ್‌ಬಾಟ್ ಒಂದನ್ನು ಕೇಳಿದರಂತೆ. ಅದು ಬಹಳ ಚೆನ್ನಾಗಿ, ವಿವರವಾಗಿ, ಯಾವ ಅನುಮಾನವೂ ಇಲ್ಲದ ಧಾಟಿಯಲ್ಲಿ ಉತ್ತರ ಕೊಟ್ಟಿತು. ಆ ಉತ್ತರವನ್ನು ನಂಬಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಷರತ್ತನ್ನು ಮತ್ತೆ ಓದಿಸಿ ನೋಡಿದರೆ, ಚಾಟ್‌ಬಾಟ್ ಹೇಳಿದ್ದು ಅದರಲ್ಲಿ ಇರಲೇ ಇಲ್ಲ. ಮೇಲ್‌ನ ಕೊನೆಯ ಸಾಲು ಹೀಗಿತ್ತು: ‘ಬಹುಶಃ ನಾನು ಪ್ರಶ್ನೆ ಕೇಳಿದ ರೀತಿಯೇ ಸರಿಯಿರಲಿಲ್ಲವೇನೋ.’

ಅದೇ ಮಾತು! ಯಂತ್ರಗಳು ಎಷ್ಟು ಬದಲಾದವು, ಮನುಷ್ಯರ ಮಾತು ಮಾತನಾಡುವ ಹಂತಕ್ಕೂ ಬಂದವು. ಅವುಗಳ ಎದುರು ಕೂತವರು ಮಾತ್ರ ಇನ್ನೂ ತಮ್ಮ ತಪ್ಪನ್ನೇ ಹುಡುಕುತ್ತಿದ್ದಾರೆ. ಈಗಂತೂ ಸರಿಯಾಗಿ ಪ್ರಶ್ನೆ ಕೇಳುವುದು ಹೇಗೆಂದು ಕಲಿಸುವ ತರಗತಿಗಳೇ ಇವೆ, ಕಾನ್ಫಿಗ್.ಸಿಸ್ ತಿದ್ದಲು ಕಲಿಸಿದಂತೆ.

ಅವರಿಗೆ ಕೂಡಲೇ ಉತ್ತರ ಬರೆಯಲು ಕೂತೆ. ನೀವು ಕೇಳಿದ್ದನ್ನೂ ಅದು ಹೇಳಿದ್ದನ್ನೂ ಒಂದಕ್ಷರ ಬಿಡದೆ ಹಾಗೇ ನನಗೆ ಕಳಿಸಿ, ಆಮೇಲೆ ಇಬ್ಬರೂ ಒಟ್ಟಿಗೆ ನೋಡೋಣ ಎಂದು ಬರೆದೆ. ಅದಕ್ಕೆ ಮುಂಚೆ, ಮೊದಲ ಸಾಲಿನಲ್ಲಿ, ಇದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸಿಕೊಂಡು ಕಳಿಸಿ ಎಂದೂ ಬರೆದೆ.